ಹುಣಸೆ ಬೀಜದಿಂದ ಕಟ್ಟಿದ ಊರು

(ಶೋಳಿಂಗನಲ್ಲೂರಿನ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ, ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಓದಿದ್ದು ಮೆಟ್ರಿಕ್ಯುಲೇಷನ್‌ವರೆಗೆ ಮಾತ್ರ. ಸಂಜೆ ಹೊತ್ತು ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು ನಮ್ಮ ಪಾಲಿನ ಸೇವೆ. ಇಂದು ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಕಳೆದ ಕೆಲವು ಭಾನುವಾರಗಳಿಂದ ಮಕ್ಕಳು ಒಳಕೋಣೆಯಲ್ಲಿ ಹುಣಸೆ ಬೀಜ ಎಸೆಯುತ್ತ, ದೊಡ್ಡ ಕಾಗದದ ಮೇಲೆ ಒಂದು ಊರಿನ ನಕಾಶೆ ಬರೆಯುತ್ತಿರುವುದನ್ನು ತಾವೆಲ್ಲ ನೋಡಿದ್ದೀರಿ. 'ವಾಚನಾಲಯದಲ್ಲಿ ಪಗಡೆಯೆ? ಇದರಿಂದ ಮಕ್ಕಳಿಗೆ ಬರುವ ವಿದ್ಯೆ ಯಾವುದು?' ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ಆಟದ ಕ್ರಮವನ್ನು ಹೇಳಿಬಿಡುತ್ತೇವೆ. ಚೌಕಾಬಾರ ನಮ್ಮ ಮೈಸೂರು ಸೀಮೆಯವರಿಗೆಲ್ಲ ಗೊತ್ತು. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಕವಡೆ, ಕವಡೆ ಇಲ್ಲದವರು ನಾಲ್ಕು ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳುತ್ತಾರೆ. ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಗರ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ನಮ್ಮ ಆಟಕ್ಕೂ ಅದೇ ಮನೆ, ಅದೇ ಬೀಜ. ಆದರೆ ಇಲ್ಲಿ ಕಾಯಿ ನಡೆಸುವುದಿಲ್ಲ. ಮೊದಲನೆಯ ಮನೆಯಿಂದ ಇಪ್ಪತ್ತೈದನೆಯ ಮನೆಯವರೆಗೆ ಒಂದೊಂದಕ್ಕೂ ಒಂದೊಂದು ಸಲ ಬೀಜ ಎಸೆಯುತ್ತೇವೆ. ಒಂದು ಬಿದ್ದರೆ ಆ ಮನೆಯಲ್ಲಿ ಜನವಸತಿ. ಎರಡು ಬಿದ್ದರೆ ಹೊಲ. ಮೂರು ಬಿದ್ದರೆ ಗೋಮಾಳ, ತೋಪು, ಕಾಡು. ನಾಲ್ಕು ಬಿದ್ದರೆ ಕೆರೆ. ಎಂಟು ಬಿದ್ದರೆ ಗುಡ್ಡ. ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಕೂಗಳತೆ ದೂರವೆಂದು ಇಟ್ಟುಕೊಂಡಿದ್ದೇವೆ. ಇಪ್ಪತ್ತೈದು ಸಲ ಎಸೆದು ಮುಗಿಸಿದರೆ ಯಾರೂ ಹಿಂದೆ ಕಂಡಿರದ ಒಂದು ಊರು ಕಾಗದದ ಮೇಲೆ ಬಂದು ಕೂತಿರುತ್ತದೆ.

ಇದರಲ್ಲಿ ಅಡಗಿರುವ ಲೆಕ್ಕವನ್ನು ನೋಡೋಣ. ಒಂದು ಬೀಜ ಬೀಳುವುದು ಎರಡು ರೀತಿ. ನಾಲ್ಕು ಬೀಜ ಬೀಳುವುದು ಎರಡರೆರಡು ನಾಲ್ಕು, ನಾಲ್ಕೆರಡು ಎಂಟು, ಎಂಟೆರಡು ಹದಿನಾರು ರೀತಿ. ಈ 16ರಲ್ಲಿ ನಾಲ್ಕೂ ಬಿಳಿಯಾಗುವುದು ಒಂದೇ ರೀತಿಯಲ್ಲಿ. ನಾಲ್ಕೂ ಕಪ್ಪಾಗುವುದೂ ಒಂದೇ ರೀತಿಯಲ್ಲಿ. ಒಂದು ಬಿಳಿ ಬೀಳುವುದು 4 ರೀತಿ, ಮೂರು ಬಿಳಿ ಬೀಳುವುದು 4 ರೀತಿ. ಎರಡು ಬಿಳಿ, ಎರಡು ಕಪ್ಪು ಬೀಳುವುದು 6 ರೀತಿ. ಕೂಡಿಸಿದರೆ 16 ಸರಿಹೋಯಿತು. ಆದ್ದರಿಂದ 25 ಮನೆಗಳಲ್ಲಿ ಸುಮಾರು ಒಂಬತ್ತು ಹೊಲ, ಆರು ವಸತಿ, ಆರು ತೋಪು, ಒಂದೆರಡು ಕೆರೆ, ಒಂದೆರಡು ಗುಡ್ಡ ಬರುವ ಸಂಭವ. ಬಯಲುಸೀಮೆಯ ನಮ್ಮ ಹಳ್ಳಿಗಳನ್ನು ನೆನೆದುಕೊಳ್ಳಿ. ಹೆಚ್ಚುಕಡಿಮೆ ಅದೇ ಪ್ರಮಾಣವಲ್ಲವೆ? ಇದು ಬೀಜದ ಜಾಣತನವಲ್ಲ. ಪಟ್ಟಿ ಬರೆದವರು ಯೋಚಿಸಿ ಹಾಗೆ ಬರೆದದ್ದು. ಎರಡು ಬಿದ್ದರೆ ಕೆರೆ, ನಾಲ್ಕು ಬಿದ್ದರೆ ಹೊಲ ಎಂದು ಬರೆದಿದ್ದರೆ ಒಂಬತ್ತು ಕೆರೆ, ಒಂದು ಹೊಲದ ಊರಾಗುತ್ತಿತ್ತು. ಅಲ್ಲಿನ ಜನ ನೀರು ಕುಡಿದು ಉಪವಾಸ ಮಲಗಬೇಕಾಗಿತ್ತು. ಯಾವ ಮನೆಯಲ್ಲಿ ಏನು ಬೀಳಬೇಕೆಂಬುದು ದೈವದ ಕೈಯಲ್ಲಿ. ಬೀಳತಕ್ಕ ವಸ್ತುಗಳು ಯಾವುವು, ಅವುಗಳ ಪ್ರಮಾಣವೇನು ಎಂಬುದು ಮನುಷ್ಯನ ಕೈಯಲ್ಲಿ.

ಒಂದು ಎಚ್ಚರಿಕೆ. ಹುಣಸೆ ಬೀಜ ಟಂಕಸಾಲೆಯ ನಾಣ್ಯವಲ್ಲ. ಹೆಚ್ಚು ತೇಯ್ದ ಬೀಜ ಒಂದೇ ಮಗ್ಗುಲಿಗೆ ಬೀಳುವ ಚಾಳಿ ಹಿಡಿಯುತ್ತದೆ. ಆಡುವ ಮೊದಲು ಒಂದೊಂದು ಬೀಜವನ್ನೂ ನೂರು ಸಲ ಎಸೆದು ಬರೆದಿಟ್ಟುಕೊಳ್ಳಬೇಕು. ಬಿಳಿ ಕಪ್ಪು ಹೆಚ್ಚುಕಡಿಮೆ ಸಮವಾಗಿ ಬಿದ್ದರೆ ಅದು ಸಾಚಾ ಬೀಜ. ಇಲ್ಲವಾದರೆ ಸಾರಿಗೆ ಹಾಕಲೂ ಬಾರದು, ಆಟಕ್ಕೂ ಬಾರದು. ನಮ್ಮ ಮಕ್ಕಳು ಈ ಪರೀಕ್ಷೆಯನ್ನು ಮಾಡಿ ಕೋಷ್ಟಕ ಬರೆದಿಟ್ಟಿದ್ದಾರೆ. ಶಾಲೆಯಲ್ಲಿ ಸಂಭವನೀಯತೆ ಎಂಬ ಪಾಠವನ್ನು ಕಂಡು ಅಂಜುತ್ತಿದ್ದ ಹುಡುಗಿಯೊಬ್ಬಳು ಈಗ ಅದನ್ನು ಉಳಿದವರಿಗೆ ಹೇಳಿಕೊಡುತ್ತಿದ್ದಾಳೆ. ವಿದ್ಯೆ ಯಾವುದೆಂದು ಕೇಳಿದ ಹಿರಿಯರಿಗೆ ಇದು ಮೊದಲನೆಯ ಉತ್ತರ.

ಅದೃಷ್ಟದ ದಾರಿಯಲ್ಲಿ ಲೋಕಗಳನ್ನು ಸುತ್ತುವ ಆಟ ನಮ್ಮವರಿಗೆ ಹೊಸದಲ್ಲ. ವೈಕುಂಠ ಏಕಾದಶಿ ಬಂತೆಂದರೆ ಇಲ್ಲಿಯ ಅಂಗಡಿಗಳಲ್ಲಿ ತಮಿಳಿನಲ್ಲಿ ಅಚ್ಚಾದ ಪರಮಪದ ಸೋಪಾನ ಪಟ ಕಾಣಿಸುತ್ತದೆ. ಜಾಗರಣೆಯ ರಾತ್ರಿ ನಿದ್ದೆ ಬಾರದಿರಲೆಂದು ಮನೆಮಂದಿಯೆಲ್ಲ ಕೂತು ಆಡುವ ಪದ್ಧತಿ ಅವರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಕೆಳಗೆ ಭೂಮಿ, ಮೇಲೆ ವೈಕುಂಠ; ನಡುವೆ ಸದ್ಗುಣಗಳ ಏಣಿ, ದುರ್ಗುಣಗಳ ಹಾವು. ಜೈನರು, ವೈಷ್ಣವರು ತಮ್ಮ ತಮ್ಮ ಮತಕ್ಕೆ ತಕ್ಕಂತೆ ಇಂಥ ಪಟಗಳನ್ನು ಬರೆದುಕೊಂಡಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಇದೇ ಆಟ ಇಂಗ್ಲೆಂಡಿಗೆ ಹೋಗಿ, ವೈಕುಂಠವನ್ನು ಕಳಚಿಹಾಕಿ, ಬರಿಯ ಹಾವು ಏಣಿಯ ಆಟವಾಗಿ ಮಕ್ಕಳ ಕೈಗೆ ಬಂತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾಗದು. 1794ರಲ್ಲಿ ಹುಟ್ಟಿದ ಅವರು 1799ರಲ್ಲಿ ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದರು. 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ಕಾಲವಾಗುವವರೆಗೂ ಆ ಅಧಿಕಾರ ಅವರಿಗೆ ಹಿಂತಿರುಗಿ ಬರಲಿಲ್ಲ. ಆ ದೊರೆ ಅನೇಕ ಪಟದ ಆಟಗಳನ್ನು ರಚಿಸಿದರು. ಚದುರಂಗದ ಕುದುರೆ ಅರುವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರುವ ನಡೆಗಳನ್ನು ಕಂಡುಹಿಡಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಪಟಗಳ ಚಿತ್ರಗಳಿವೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ನಾಡಿನ ಆಡಳಿತ ಕೈಬಿಟ್ಟವರು ಪಟದ ಮೇಲೆ ಲೋಕಗಳನ್ನು ಬರೆದರು ಎಂಬುದನ್ನು ಯೋಚಿಸಿದರೆ ಮನಸ್ಸು ಕರಗುತ್ತದೆ.

ಪರಮಪದಕ್ಕೂ ನಮ್ಮ ಆಟಕ್ಕೂ ಒಂದು ವ್ಯತ್ಯಾಸವುಂಟು. ಅಲ್ಲಿ ಲೋಕ ಮೊದಲೇ ಬರೆದಾಗಿದೆ. ದಾಳ ಮನುಷ್ಯನನ್ನು ನಡೆಸುತ್ತದೆ. ಇಲ್ಲಿ ದಾಳ ಲೋಕವನ್ನು ಇಡುತ್ತದೆ. ಅದರಲ್ಲಿ ಹೇಗೆ ಬಾಳಬೇಕೆಂಬುದನ್ನು ಮನುಷ್ಯ ಯೋಚಿಸಬೇಕು. ಉದ್ಯೋಗ ಅರಸಿ ಇಲ್ಲಿಗೆ ಬಂದ ನಮ್ಮ ಪರಿಸ್ಥಿತಿಗೆ ಈ ಎರಡನೆಯದೇ ಹತ್ತಿರ. ಶೋಳಿಂಗನಲ್ಲೂರೇ ಬೇಕೆಂದು ಹುಟ್ಟುವಾಗ ಯಾರೂ ಬರೆಸಿಕೊಂಡು ಬಂದಿಲ್ಲ. ಒಬ್ಬರಿಗೆ ಸೋದರಮಾವ ಕೆಲಸ ತೋರಿಸಿದರು. ಒಬ್ಬರಿಗೆ ಕಂಪೆನಿ ವರ್ಗ ಮಾಡಿತು. ಒಬ್ಬರು ಮಂಡ್ಯದಲ್ಲಿ ಬೆಳೆ ಹೋಗಿ ಬಸ್ಸು ಹತ್ತಿದರು. ಬೀಜ ಎಲ್ಲಿ ಬಿತ್ತೋ ಅಲ್ಲಿ ಒಲೆ ಹೂಡಿದ್ದೇವೆ.

ಇನ್ನು ಮಕ್ಕಳ ಊರಿಗೆ ಬರೋಣ. ಎಸೆತಗಳು ಮುಗಿದಾಗ ಲೆಕ್ಕ ಹೀಗಿತ್ತು: ಹೊಲ ಹತ್ತು, ತೋಪು ಕಾಡು ಏಳು, ವಸತಿ ಆರು, ಗುಡ್ಡ ಒಂದು, ಕೆರೆ ಒಂದು. ಹನ್ನೆರಡನೆಯ ಮನೆಯಲ್ಲಿ ಗುಡ್ಡ ಬಿತ್ತು. ಅದರ ಮಗ್ಗುಲಿಗೇ ಹದಿಮೂರನೆಯದರಲ್ಲಿ, ಅಂದರೆ ಪಟದ ನಟ್ಟನಡುವೆ, ಕೆರೆ ಬಿತ್ತು. ಗುಡ್ಡದ ನೀರು ಹರಿದು ಕೆರೆಗೆ ಬರುತ್ತದೆಂದು ಮಕ್ಕಳು ಕೂಡಲೇ ಒಂದು ಹಳ್ಳ ಬರೆದರು. 2, 7, 8, 14, 19ನೆಯ ಮನೆಗಳಲ್ಲಿ ಜನವಸತಿ. ಇವೆಲ್ಲ ಒಂದಕ್ಕೊಂದು ಹತ್ತಿರ. ಆರನೆಯ ವಸತಿ ಮಾತ್ರ 21ನೆಯ ಮನೆಯಲ್ಲಿ, ಎಡಗಡೆಯ ಕೆಳಮೂಲೆಯಲ್ಲಿ ಒಂಟಿಯಾಗಿ ಬಿತ್ತು. ಅದರ ಸುತ್ತ ಮೂರು ಮನೆಯೂ ಕಾಡು. ಕೆರೆಗೆ ಹೋಗಬೇಕಾದರೆ ನಾಲ್ಕು ಕೂಗಳತೆ ನಡೆಯಬೇಕು.

ನಮ್ಮ ಆಟದಲ್ಲಿ ಬೀಜ ಎಸೆಯುವುದು ಅರ್ಧ ಕೆಲಸ. ಉಳಿದರ್ಧ ಕೆಲಸವೆಂದರೆ 'ಏಕೆ?' ಎಂದು ಕೇಳುವುದು. ಬೀಜ ಕಾರಣ ಹೇಳುವುದಿಲ್ಲ. ಕಾರಣವನ್ನು ನಾವೇ ಹುಡುಕಬೇಕು. ಆ ಮೂಲೆಯಲ್ಲಿ ಯಾರಿದ್ದಾರೆ, ಏಕಿದ್ದಾರೆ ಎಂದು ಕೇಳಿದೆವು. ಕುಂಬಾರರು, ಒಲೆಯ ಹೊಗೆಗಾಗಿ ದೂರ ಇದ್ದಾರೆ ಎಂದ ಒಬ್ಬ. ಕಾಡಿನ ಜೇನು ಕೀಳುವವರು ಎಂದ ಇನ್ನೊಬ್ಬ. ಆರನೆಯ ತರಗತಿಯ ಒಂದು ಹುಡುಗಿ, 'ಅವರು ಆಮೇಲೆ ಬಂದವರು. ಅವರ ಭಾಷೆ ಬೇರೆ. ಹತ್ತಿರ ಜಾಗ ಸಿಗಲಿಲ್ಲ' ಎಂದಳು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಅವರಿಗೂ ಕೆರೆಗೆ ದಾರಿ ಬೇಕಲ್ಲ ಎಂದು ಒಬ್ಬ ಹುಡುಗ ಪೆನ್ಸಿಲ್ ತೆಗೆದುಕೊಂಡು ಕಾಡಿನೊಳಗೆ ಒಂದು ದಾರಿ ಬರೆದ. ಬೀಜ ಆ ದಾರಿಯನ್ನು ಕೊಟ್ಟಿರಲಿಲ್ಲ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಯಾವ ಪ್ರಬಂಧದಲ್ಲೂ ಬರೆಯದಿದ್ದ ಮಾತನ್ನು ಈ ಆಟದಲ್ಲಿ ಆಡಿದರು. ಇದು ಹಿರಿಯರಿಗೆ ಎರಡನೆಯ ಉತ್ತರ.

ಊರಿಗೆ ಹೆಸರನ್ನೂ ಚೀಟಿ ಎತ್ತಿಯೇ ಇಟ್ಟೆವು. ಒಂದು ಗಡಿಗೆಯಲ್ಲಿ ಹೊಂಗೆ, ಬಿಲ್ವ, ಸಂಪಿಗೆ ಮುಂತಾದ ಮರಗಳ ಹೆಸರು. ಇನ್ನೊಂದರಲ್ಲಿ ಹಳ್ಳಿ, ಪುರ, ಕೆರೆ, ನಲ್ಲೂರು, ಪಾಕ್ಕಂ ಎಂಬ ಕೊನೆಗಳು. ಎಲ್ಲರಿಗಿಂತ ಚಿಕ್ಕ ಮಗು ಎತ್ತಿದ್ದು 'ಹೊಂಗೆ' ಮತ್ತು 'ಪಾಕ್ಕಂ'. ಹೊಂಗೆಪಾಕ್ಕಂ! ಮೊದಲರ್ಧ ಕನ್ನಡ, ಕೊನೆಯರ್ಧ ತಮಿಳು. ಮಕ್ಕಳು ಬಿದ್ದುಬಿದ್ದು ನಕ್ಕರು. ಹೊಂಗೆಹಳ್ಳಿ ಎಂದು ತಿದ್ದೋಣವೆಂಬ ಸೂಚನೆಯೂ ಬಂತು. ಆದರೆ ಎತ್ತಿದ ಚೀಟಿಯನ್ನು ಬದಲಿಸಬಾರದೆಂಬ ಕಟ್ಟಳೆಯಿತ್ತಾದ್ದರಿಂದ ಹಾಗೆಯೇ ಉಳಿಯಿತು. ಈಗ ಅವರಿಗೆ ಬೇರೆ ಹೆಸರು ರುಚಿಸುವುದೂ ಇಲ್ಲ. ನಾವಿರುವ ಊರಿನ ಹೆಸರಿನ ಕೊನೆಯ 'ನಲ್ಲೂರು' ತಮಿಳಿನಲ್ಲಿ ಒಳ್ಳೆಯ ಊರು. ಹಳಗನ್ನಡದಲ್ಲಿಯೂ 'ನಲ್' ಎಂದರೆ ಒಳ್ಳೆಯದೇ. ಎರಡು ಭಾಷೆಗಳು ನೆರೆಮನೆಯವರಾಗಿರುವುದು ಇಂದು ನಿನ್ನೆಯ ಮಾತಲ್ಲ.

ಚೀಟಿ ಎತ್ತುವ ಪದ್ಧತಿಗೆ ಇದೇ ಸೀಮೆಯಲ್ಲಿ ಘನವಾದ ಪೂರ್ವಚರಿತ್ರೆಯಿದೆ. ಕಾಂಚೀಪುರದ ಜಿಲ್ಲೆಯ ಉತ್ತರಮೇರೂರಿನ ವೈಕುಂಠ ಪೆರುಮಾಳ್ ದೇವಾಲಯದಲ್ಲಿ ಚೋಳ ದೊರೆ ಮೊದಲನೆಯ ಪರಾಂತಕನ ಕಾಲದ, ಎಂದರೆ ಕ್ರಿ. ಶ. 919 ಮತ್ತು 921ರ ಸುಮಾರಿನ, ಶಾಸನಗಳಿವೆ. ಊರಿನ ಕೆರೆ, ತೋಟ ಮುಂತಾದವುಗಳನ್ನು ನೋಡಿಕೊಳ್ಳುವ ವಾರಿಯಗಳಿಗೆ ಸದಸ್ಯರನ್ನು ಆರಿಸುವ ಕ್ರಮ ಅವುಗಳಲ್ಲಿ ಹೇಳಿದೆ. ಊರನ್ನು 30 ಭಾಗ ಮಾಡಿ, ಒಂದೊಂದು ಭಾಗದಿಂದಲೂ ಅರ್ಹರ ಹೆಸರನ್ನು ಓಲೆಯ ಮೇಲೆ ಬರೆದು, ಕೊಡದಲ್ಲಿ ಹಾಕಿ ಕಲಕಿ, ಏನೂ ಅರಿಯದ ಬಾಲಕನ ಕೈಯಿಂದ ಎತ್ತಿಸುತ್ತಿದ್ದರು. ಆದರೆ ಕೊಡದೊಳಗೆ ಯಾರ ಹೆಸರೆಂದರೆ ಅವರ ಹೆಸರು ಹೋಗುವಂತಿರಲಿಲ್ಲ. ವಯಸ್ಸು 35ಕ್ಕೆ ಮೇಲೆ 70ಕ್ಕೆ ಒಳಗಿರಬೇಕು, ಸ್ವಂತ ನಿವೇಶನದಲ್ಲಿ ಮನೆ, ತೆರಿಗೆ ತೆರುವ ಭೂಮಿ ಇರಬೇಕು, ವಿದ್ಯೆಯಿರಬೇಕು, ಹಿಂದೆ ಸದಸ್ಯನಾಗಿ ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ನಿಲ್ಲಕೂಡದು. ಭೂಮಿಯಿಲ್ಲದವರನ್ನು ಹೊರಗಿಟ್ಟ ಆ ಕಟ್ಟಳೆ ನಮ್ಮಂಥವರಿಗೆ ಒಪ್ಪತಕ್ಕದ್ದಲ್ಲ. ಆದರೂ ಕ್ರಮ ಗಮನಿಸತಕ್ಕದ್ದು: ಮೊದಲು ಕಟ್ಟಳೆ, ಆಮೇಲೆ ಚೀಟಿ. ನಮ್ಮ ಹುಣಸೆ ಬೀಜದ ಪಟ್ಟಿಯೂ ಹೀಗೆಯೇ.

ಇಲ್ಲದ ಊರನ್ನು ಕಟ್ಟಿದವರಲ್ಲಿ ಮದರಾಸಿಗೂ ಮೈಸೂರಿಗೂ ಸೇರಿದ ಒಬ್ಬ ಮಹನೀಯರಿದ್ದರು. ಆರ್. ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಇದೇ ಮದರಾಸಿನಲ್ಲಿ. ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ ಬೆಳೆದು, ತಂದೆಯವರಿದ್ದ ಮೈಸೂರಿಗೆ ಹೋದರು. 1930ರ ವಿಜಯದಶಮಿಯ ದಿನ, ಅಜ್ಜಿ ನೋಡಿಕೊಟ್ಟ ಮುಹೂರ್ತದಲ್ಲಿ, ಬೆಂಗಳೂರಿನಲ್ಲಿ ಒಂದು ನೋಟುಪುಸ್ತಕ ತೆರೆದು ಬರೆಯಲು ಕುಳಿತರು. ಮನಸ್ಸಿಗೆ ಬಂದದ್ದು ಒಂದು ಸಣ್ಣ ರೈಲು ನಿಲ್ದಾಣ, ಅದರ ಜೊತೆಗೆ ಮಾಲ್ಗುಡಿ ಎಂಬ ಹೆಸರು. ಹೆಸರು ತಾನಾಗಿ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಸರಯೂ ನದಿ, ಮೆಂಪಿ ಬೆಟ್ಟ, ಲಾಲಿ ರಸ್ತೆ, ಕಬೀರ್ ಬೀದಿ ಎಲ್ಲವೂ ಆಮೇಲೆ ಕಥೆಗೆ ಬೇಕುಬೇಕಾದಂತೆ ಬಂದು ಸೇರಿಕೊಂಡವು.

ಆ ಮೊದಲ ಪುಸ್ತಕ ಬದುಕಿ ಉಳಿದದ್ದೂ ಆಕಸ್ಮಿಕವೇ. ಪ್ರಕಾಶಕರು ತಿರುಗಿಸಿ ಕಳಿಸಿದ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಆಕ್ಸ್‌ಫರ್ಡಿನಲ್ಲಿದ್ದ ಸ್ನೇಹಿತನಿಗೆ ಬರೆದರಂತೆ. ಸ್ನೇಹಿತ ಎಸೆಯದೆ ಗ್ರಹಾಂ ಗ್ರೀನ್ ಎಂಬ ಲೇಖಕನಿಗೆ ತೋರಿಸಿದ. 1935ರಲ್ಲಿ 'ಸ್ವಾಮಿ ಮತ್ತು ಸ್ನೇಹಿತರು' ಲಂಡನ್ನಿನಲ್ಲಿ ಹೊರಬಂತು. ಎಷ್ಟೋ ವರ್ಷಗಳ ತರುವಾಯ ಫೆನೆಲ್ಲಿ ಎಂಬ ಅಮೆರಿಕದ ವಿದ್ವಾಂಸರು ಕಥೆಗಳಲ್ಲಿ ಚದುರಿದ್ದ ಗುರುತುಗಳನ್ನು ಆರಿಸಿ ಮಾಲ್ಗುಡಿಯ ನಕಾಶೆಯನ್ನೇ ಬರೆದರು. ನಮ್ಮ ಶಂಕರ್ ನಾಗ್ ಆಗುಂಬೆಯ ಬೀದಿಗಳನ್ನೇ ಮಾಲ್ಗುಡಿ ಮಾಡಿ ದೂರದರ್ಶನಕ್ಕೆ ಚಿತ್ರ ತೆಗೆದರು. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಭೂಪಟದಲ್ಲಿಲ್ಲದ ಊರಿಗೆ ಕೊನೆಗೆ ಒಂದು ರೈಲು ನಿಲ್ದಾಣವೇ ಸಿಕ್ಕಿತು.

ಪರದೇಶಗಳಲ್ಲಿ ಇದು ಈಗ ದೊಡ್ಡ ಕಸಬು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟದವರು ಹಲವು ಮುಖಗಳ ದಾಳ ಎಸೆದು, ಪಟ್ಟಿ ನೋಡಿ ಕಾಡು ಗುಹೆಗಳನ್ನು ಹುಟ್ಟಿಸುತ್ತಾರೆ. 1984ರಲ್ಲಿ ಡೇವಿಡ್ ಬ್ರೇಬನ್, ಇಯಾನ್ ಬೆಲ್ ಎಂಬ ಇಬ್ಬರು ಇಂಗ್ಲಿಷ್ ತರುಣರು 'ಎಲೀಟ್' ಎಂಬ ಕಂಪ್ಯೂಟರ್ ಆಟ ಮಾಡಿದರು. ಅದರಲ್ಲಿ ಎಂಟು ನಕ್ಷತ್ರಮಂಡಲ, ಒಂದೊಂದರಲ್ಲಿ 256 ನಕ್ಷತ್ರ. ಅಷ್ಟನ್ನೂ ಬರೆದಿಡಲು ಆ ಸಣ್ಣ ಯಂತ್ರದಲ್ಲಿ ಜಾಗವಿರಲಿಲ್ಲ. ಕೆಲವೇ ಅಂಕಿಗಳನ್ನು ಬೀಜವಾಗಿಟ್ಟು, ಅವನ್ನು ಕೂಡುತ್ತ ಕೂಡುತ್ತ ಹೋಗಿ ಎಲ್ಲ ಹೆಸರುಗಳನ್ನೂ ಸ್ಥಳಗಳನ್ನೂ ಹೊರಡಿಸಿದರು. ಒಂದು ಮಂಡಲದಲ್ಲಿ ಸಭ್ಯವಲ್ಲದ ಒಂದು ಹೆಸರು ಹುಟ್ಟಿಬಿಟ್ಟಿತೆಂದು ಆ ಮಂಡಲವನ್ನೇ ಕೈಬಿಟ್ಟು ಬೇರೊಂದನ್ನು ಇಟ್ಟುಕೊಂಡರಂತೆ. ಯಂತ್ರದ ಬೀಜಕ್ಕೂ ಮನುಷ್ಯನ ಒಪ್ಪಿಗೆ ಬೇಕು.

ಹಾಗಾದರೆ ಬಿದ್ದ ಬೀಜವನ್ನು ಬದಲಿಸುವ ಅಧಿಕಾರ ಯಾವಾಗ ಉಂಟು, ಯಾವಾಗ ಇಲ್ಲ? ಈ ಪ್ರಶ್ನೆ ನಮ್ಮ ಒಳಕೋಣೆಯಲ್ಲಿ ಜೋರಾಗಿಯೇ ಎದ್ದಿತು. ಹೊಂಗೆಪಾಕ್ಕಂನ ಕೆರೆ ನಡುಮಧ್ಯೆ ಬಿದ್ದಿತಲ್ಲವೆ? ಒಬ್ಬ ಹುಡುಗ, 'ಊರ ನಡುವೆ ನೀರೇಕೆ? ಅಳಿಸಿ, ಅಲ್ಲಿ ಮನೆ ಕಟ್ಟೋಣ. ಕಾಗದದ ಕೆರೆ ತಾನೆ!' ಎಂದ. ಮೂರರಲ್ಲಿ ಎರಡು ಪಾಲು ಮಂದಿ ಒಪ್ಪಿ, ಕಾರಣವನ್ನು ಪುಸ್ತಕದಲ್ಲಿ ಬರೆದರೆ ಮಾತ್ರ ಬದಲಿಸಬಹುದೆಂದು ಮೊದಲೇ ಗೊತ್ತು ಮಾಡಿದ್ದೆವು. ಹಲವರು ಅವನ ಕಡೆಗಿದ್ದರು. ಆಗ ಪೆರುಂಬಾಕ್ಕಂನಿಂದ ಬರುವ ಒಬ್ಬ ಹುಡುಗಿ, 'ಅಳಿಸಿದರೆ ಗುಡ್ಡದ ನೀರು ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿದಳು. ಉತ್ತರ ಬರಲಿಲ್ಲ. ಹಳ್ಳವನ್ನೂ ಅಳಿಸೋಣವೆಂದ ಹುಡುಗ. ಮಳೆಯನ್ನೂ ಅಳಿಸುತ್ತೀಯಾ ಎಂದಳು ಹುಡುಗಿ.

ಬಂಧುಗಳೆ, ನಾವಿರುವ ನೆಲವನ್ನು ನೆನೆಯಿರಿ. ನಮ್ಮ ಪೂರ್ವಕ್ಕೆ ಬಕಿಂಗ್‌ಹ್ಯಾಂ ಕಾಲುವೆ, ಅದರಾಚೆ ಸಮುದ್ರ. ವಾಯವ್ಯಕ್ಕೆ ಪಳ್ಳಿಕರಣೆಯ ಜೌಗು. ಸುತ್ತಲ ಕೆರೆಗಳ ಹೆಚ್ಚಿನ ನೀರು ಆ ಜೌಗಿಗೆ ಬಂದು ನಿಂತು, ಒಕ್ಕಿಯಂ ಮಡುವಿನ ಮೂಲಕ ಕಾಲುವೆಗೆ ಸೇರಿ, ದಕ್ಷಿಣಕ್ಕೆ ಹರಿದು ಕೋವಳಂ ಬಳಿ ಕಡಲಿಗೆ ಬೀಳಬೇಕು. ನೆಲಕ್ಕೆ ಸಹಜವಾಗಿ ಒದಗಿದ ನಕಾಶೆ ಅದು. ಮೇಲಿಂದ ನಾವು ಬರೆದ ನಕಾಶೆಗಳಲ್ಲಿ ಜೌಗು ವರ್ಷ ವರ್ಷಕ್ಕೆ ಕಿರಿದಾಯಿತು. ರಸ್ತೆ, ಕಚೇರಿ, ಕಸದ ರಾಶಿ, ಮನೆಗಳು ಹಿರಿದಾದವು. ಈಗ ಹಿಂದಿದ್ದುದರಲ್ಲಿ ಒಂದು ಸಣ್ಣ ಪಾಲು ಉಳಿದಿದೆ. 2022ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ತೇವಭೂಮಿ ಎನಿಸಿಕೊಂಡಿತು. 2015ರ ಡಿಸೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನ ಚಂಡಮಾರುತದಲ್ಲಿ, ಈ ಭಾಗದ ಎಷ್ಟೋ ಬೀದಿಗಳು ನೀರಿನಲ್ಲಿ ನಿಂತವು. ನೀರು ಬಂದದ್ದು ಆಕಸ್ಮಿಕವೆಂದು ನಾವು ಹೇಳಿಕೊಳ್ಳುತ್ತೇವೆ. ಮಳೆ ಎಂದು ಎಷ್ಟು ಸುರಿಯುವುದೆಂಬುದು ಆಕಸ್ಮಿಕವಿರಬಹುದು. ಸುರಿದದ್ದು ತಗ್ಗಿಗೆ ಹರಿಯುವುದು ಆಕಸ್ಮಿಕವಲ್ಲ.

ಮತ ಹಾಕಿಸಿದಾಗ ಮೂರರಲ್ಲಿ ಎರಡು ಪಾಲು ಬರಲಿಲ್ಲ. ಕೆರೆ ಉಳಿಯಿತು. ಸೋತ ಹುಡುಗನೇ ಕೆರೆಯ ಏರಿಯ ಮೇಲೆ ಸಾಲುಮರ ಬರೆದ. ಹೆಸರು ತಿದ್ದುವುದರಿಂದ ಯಾರಿಗೂ ಹಾನಿಯಿಲ್ಲ. ನೀರಿನ ದಾರಿಯನ್ನು ತಿದ್ದಿದರೆ ಕೆಳಗಿನ ಮನೆಯವರು ಅನುಭವಿಸಬೇಕು. ತಿದ್ದುವ ಮೊದಲು ಕೆಳಗಿನ ಮನೆಯವರನ್ನು ಕೇಳಬೇಕೆಂದು ಮಕ್ಕಳು ಈಗ ಪುಸ್ತಕದಲ್ಲಿ ಹೊಸ ಕಟ್ಟಳೆ ಬರೆದುಕೊಂಡಿದ್ದಾರೆ. ಆ ಕೆಳಮೂಲೆಯ 21ನೆಯ ಮನೆಯವರಿಗೂ ಅದರಲ್ಲಿ ಒಂದು ಮತವಿದೆ.

ಕೊನೆಯದಾಗಿ ಹಿರಿಯರ ದೊಡ್ಡ ಆಕ್ಷೇಪಣೆ: ಇದು ಜೂಜಲ್ಲವೆ? ಧರ್ಮರಾಯನ ಕಥೆ ಗೊತ್ತಿರುವವರು ಯಾರೂ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರರು. ನಮ್ಮ ನಡುವೆಯೂ ತಿಂಗಳ ಸಂಬಳವನ್ನು ಕೈಫೋನಿನ ಆಟದಲ್ಲಿ ಕಳೆದುಕೊಂಡು, ಊರಿಗೆ ಹಣ ಕಳಿಸಲಾಗದೆ ಮುಖ ಮರೆಸಿಕೊಂಡ ತರುಣರಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿತು. ಕಾಯಿದೆ ಬಾಗಿಲು ಮುಚ್ಚಬಹುದು. ಒಳಗಿನ ಆಸೆಯನ್ನು ತಿಳಿವಳಿಕೆಯೇ ಮುಚ್ಚಬೇಕು.

ಆ ತಿಳಿವಳಿಕೆ ಯಾವುದು? ಐದು ಸಲ ಸೋತವನು, ಇನ್ನು ಆರನೆಯ ಸಲ ಗೆಲ್ಲಲೇಬೇಕು ಎಂದು ನಂಬುತ್ತಾನೆ. ಇದೇ ಅವನನ್ನು ಮುಳುಗಿಸುವ ನಂಬಿಕೆ. ನಮ್ಮ ಮಕ್ಕಳು ಹುಣಸೆ ಬೀಜವನ್ನು ನೂರಾರು ಸಲ ಎಸೆದು ನೋಡಿದ್ದಾರೆ. ಮೂರು ಸಲ ಸಾಲಾಗಿ ಎಂಟು ಬಿದ್ದರೂ ನಾಲ್ಕನೆಯ ಸಲ ಎಂಟು ಬೀಳುವ ಸಂಭವ ಹದಿನಾರರಲ್ಲಿ ಒಂದೇ. ಹತ್ತು ಸಲ ಬೀಳದಿದ್ದರೂ ಹದಿನಾರರಲ್ಲಿ ಒಂದೇ. ಬೀಜಕ್ಕೆ ನೆನಪಿಲ್ಲ, ಕರುಣೆಯಿಲ್ಲ, ಹಗೆಯೂ ಇಲ್ಲ. ನಿನ್ನ ಸಾಲ ಅದಕ್ಕೆ ತಿಳಿಯದು. ಇದನ್ನು ಕೈಯಾರೆ ಕಂಡ ಮಗು ದೊಡ್ಡದಾದ ಮೇಲೆ ಕೈಫೋನಿನ ಮುಂದೆ ಕೂತು ಮೋಸಹೋಗುವುದು ಕಡಿಮೆ ಎಂಬುದು ನಮ್ಮ ಭರವಸೆ.

ಕನಕದಾಸರ ನಳಚರಿತ್ರೆಯಿಂದ ನಳರಾಜನ ಕಥೆ ನಮಗೆ ಪರಿಚಿತ. ದ್ಯೂತದಲ್ಲಿ ರಾಜ್ಯ ಕಳೆದು, ಹೆಂಡತಿಯನ್ನು ಅಗಲಿ, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾದ. ಮಹಾಭಾರತದ ವನಪರ್ವ ಹೇಳುವಂತೆ, ದಾರಿಯಲ್ಲಿ ಒಂದು ತಾರೆಯ ಮರ ಕಂಡು ಋತುಪರ್ಣ ಅದರ ಎಲೆ, ಕಾಯಿಗಳ ಲೆಕ್ಕವನ್ನು ನೋಡಿದೊಡನೆ ಹೇಳಿದ. ನಳ ನಂಬಲಿಲ್ಲ, ರಥ ನಿಲ್ಲಿಸಿ, ಇಳಿದು ಎಣಿಸಿ ನೋಡಿದ, ಲೆಕ್ಕ ಸರಿಯಾಗಿತ್ತು. ಆ ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತ ಕ್ಷಣ ಕಲಿ ಅವನ ದೇಹ ಬಿಟ್ಟು ಹೋದ. ಹಿಂದೆ ದಾಳವಾಗಿ ಎಸೆಯುತ್ತಿದ್ದುದೂ ಇದೇ ತಾರೆಯ ಕಾಯಿಯನ್ನೇ. ದಾಳದಿಂದ ಕೆಟ್ಟವನನ್ನು ಎಣಿಕೆಯ ವಿದ್ಯೆ ಕಾಪಾಡಿತು ಎಂದು ಕಥೆ ಹೇಳುತ್ತದೆ. ಪಣವಿದ್ದಲ್ಲಿ ಜೂಜು, ಎಣಿಕೆಯಿದ್ದಲ್ಲಿ ವಿದ್ಯೆ. ಈ ವಾಚನಾಲಯದಲ್ಲಿ ಒಂದು ಕಾಸಿನ ಪಣವನ್ನೂ ಕಟ್ಟಿ ಬೀಜ ಎಸೆಯಕೂಡದೆಂದು ಗೋಡೆಯ ಮೇಲೆ ಬರೆದು ಹಾಕಿದ್ದೇವೆ. ಅದನ್ನು ಮೀರಿದವರು ಯಾರೇ ಆಗಲಿ, ಅಂದೇ ಆಟ ನಿಲ್ಲುತ್ತದೆ.

ಹೊಂಗೆಪಾಕ್ಕಂನ ನಕಾಶೆ ಪತ್ರಿಕೆಯ ಮೇಜಿನ ಎದುರು ಗೋಡೆಯಲ್ಲಿದೆ. ತಾವು ಓದಲು ಬಂದಾಗ ಒಂದು ನಿಮಿಷ ನಿಂತು ನೋಡಬೇಕು. ಅಲ್ಲಿ ಇನ್ನೂ ಶಾಲೆಯಿಲ್ಲ, ಸಂತೆಯಿಲ್ಲ, ಪಕ್ಕದ ಊರಿಲ್ಲ. ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಪಕ್ಕದ ಊರಿಗೆ ಬೀಜ ಎಸೆಯುತ್ತೇವೆ. ತಮಿಳು ಮಾತಾಡುವ ನೆರೆಯ ಮಕ್ಕಳನ್ನೂ ಕರೆತರಬೇಕೆಂದು ಪ್ರಾರ್ಥನೆ. ಊರಿನ ಹೆಸರಿನಲ್ಲಿ ಅರ್ಧ ಪಾಲು ಅವರದೂ ಇದೆ. ಹಿರಿಯರು ಬಂದು, ತಮ್ಮ ತಮ್ಮ ಊರಿನ ಕೆರೆ ಎಲ್ಲಿತ್ತು, ಕೋಡಿ ಯಾವ ಕಡೆ ಬೀಳುತ್ತಿತ್ತು, ದನ ಎಲ್ಲಿ ಮೇಯುತ್ತಿದ್ದವು ಎಂದು ಹೇಳಿದರೆ ಮಕ್ಕಳ 'ಏಕೆ'ಗಳಿಗೆ ಒಳ್ಳೆಯ ಉತ್ತರ ಸಿಕ್ಕುತ್ತದೆ. ಕಾಗದ, ಪೆನ್ಸಿಲನ್ನು ಸಂಘ ಒದಗಿಸುತ್ತದೆ. ಹುಣಸೆ ಬೀಜವನ್ನು ಮಾತ್ರ ತಾಯಂದಿರು ಅಡಿಗೆಮನೆಯಿಂದ ತೆಗೆದಿಟ್ಟು ಕಳಿಸಬೇಕು.